ನಿಯಮಗಳ ಪಟ್ಟಿ ಬಿಡಿ, ಮಿನ್ನೆಸೊಟಾದ ಕತೆ ಬರೆಯಿರಿ

ನಮಸ್ಕಾರ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ನೀವು ಕಳಿಸಿದ ‘ಎನ್‌ಬಿಎ: ಕೋಟಿಗಳ ಲೆಕ್ಕಾಚಾರ’ ಲೇಖನವನ್ನು ನಿಧಾನವಾಗಿ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ: ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಕನ್ನಡದಲ್ಲಿ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೆಯುವವರೇ ಕಡಿಮೆ. ಆಟದ ಹಿಂದಿನ ಹಣದ ವ್ಯವಹಾರ ಮುಟ್ಟುವವರು ಇನ್ನೂ ಕಡಿಮೆ. ನೀವು ಸಾಕಷ್ಟು ಓದಿಕೊಂಡಿದ್ದೀರಿ, ಅದು ಪ್ರತಿ ಪುಟದಲ್ಲೂ ಕಾಣುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕತ್ತರಿಸಬೇಕಾದದ್ದು. 1891ರಲ್ಲಿ ಜೇಮ್ಸ್ ನೇಯ್‌ಸ್ಮಿತ್ ಈ ಆಟ ಕಂಡುಹಿಡಿದರು ಎಂದು ಶುರುಮಾಡಿ, ಎರಡು ಪುಟ ಚರಿತ್ರೆ ಬರೆದಿದ್ದೀರಿ. ಸಂಬಳದ ಮಿತಿಗೂ ಅದಕ್ಕೂ ಸಂಬಂಧವೇ ಇಲ್ಲ. ತೆಗೆದುಬಿಡಿ.

ಆಮೇಲೆ ತಪ್ಪುಗಳು. ಮೂರು ಇವೆ, ಮೊದಲನೆಯದು ದೊಡ್ಡದು. ಸ್ಯಾಲರಿ ಕ್ಯಾಪ್ (ಒಂದು ತಂಡದ ಆಟಗಾರರ ಒಟ್ಟು ಸಂಬಳಕ್ಕೆ ಹಾಕಿದ ಮಿತಿ) ಅಂದರೆ ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ ಎಂದು ಬರೆದಿದ್ದೀರಿ. ನಮ್ಮ ಓದುಗರಿಗೆ ಐಪಿಎಲ್ ಗೊತ್ತು, ಹಾಗಾಗಿ ಅಲ್ಲಿಂದ ಶುರುಮಾಡುವುದು ಸರಿಯೇ. ಆದರೆ ಎರಡೂ ಒಂದೇ ಅಲ್ಲ. 2025ರ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ಕೊಹ್ಲಿಯನ್ನು 21 ಕೋಟಿಗೆ, ರಜತ್ ಪಾಟಿದಾರ್ ಅವರನ್ನು 11 ಕೋಟಿಗೆ, ಯಶ್ ದಯಾಳ್ ಅವರನ್ನು 5 ಕೋಟಿಗೆ ಉಳಿಸಿಕೊಂಡು, ಮಿಕ್ಕ 83 ಕೋಟಿ ಹಿಡಿದು ಹರಾಜಿಗೆ ಕೂತಿತು. ಅದು ಮುಗಿದರೆ ಮುಗಿಯಿತು. ಮಾಲೀಕರ ಹತ್ತಿರ ಎಷ್ಟೇ ದುಡ್ಡಿದ್ದರೂ ಇನ್ನೊಂದು ಲಕ್ಷ ಸೇರಿಸುವಂತಿಲ್ಲ.

ಎನ್‌ಬಿಎಯ ಕ್ಯಾಪ್ ಅಂಥ ಗೋಡೆಯಲ್ಲ. 2024-25ರಲ್ಲಿ ಅದು ಸುಮಾರು 14.06 ಕೋಟಿ ಡಾಲರ್ ಇತ್ತು, ಹೆಚ್ಚಿನ ತಂಡಗಳು ಅದನ್ನು ದಾಟಿಯೇ ಇದ್ದವು. ದಾಟಬಹುದು, ಆದರೆ ನಿಯಮ ತೆರೆದಿಟ್ಟ ಕೆಲವು ಬಾಗಿಲುಗಳ ಮೂಲಕ ಮಾತ್ರ. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಬಾಸ್ಟನ್ ತಂಡದ ಆಟಗಾರ ಲ್ಯಾರಿ ಬರ್ಡ್ ಹೆಸರೇ ಉಳಿದಿದೆ. ಮೂರು ಸೀಸನ್ ನಿಮ್ಮಲ್ಲೇ ಆಡಿದ ಆಟಗಾರನನ್ನು, ಕ್ಯಾಪ್ ಮೀರಿದರೂ ಸರಿ, ಮತ್ತೆ ಸಹಿ ಮಾಡಿಸಿಕೊಳ್ಳಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ಮೈಕೆಲ್ ಜೋರ್ಡನ್. 1997-98ರಲ್ಲಿ ಕ್ಯಾಪ್ 2.69 ಕೋಟಿ ಡಾಲರ್. ಜೋರ್ಡನ್ ಒಬ್ಬರ ಸಂಬಳವೇ 3.31 ಕೋಟಿ. ಇಡೀ ತಂಡದ ಮಿತಿಗಿಂತ ಒಬ್ಬ ಆಟಗಾರನ ಸಂಬಳ ಜಾಸ್ತಿ! ಈ ಒಂದು ಸಾಲು ಹಾಕಿದ್ದರೆ ನಿಮ್ಮ ಮೂರು ಪ್ಯಾರಾ ಉಳಿಯುತ್ತಿತ್ತು.

ಎರಡನೆಯದು, ಲಕ್ಷುರಿ ಟ್ಯಾಕ್ಸ್, ಅಂದರೆ ಸಂಬಳದ ಖರ್ಚು ಒಂದು ಮಟ್ಟ ದಾಟಿದ ತಂಡ ಕಟ್ಟುವ ದಂಡ, ಸರ್ಕಾರಕ್ಕೆ ಹೋಗುತ್ತದೆ ಎಂದಿದ್ದೀರಿ. ಇಲ್ಲ, ಅದು ಲೀಗ್‌ಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲು ಟ್ಯಾಕ್ಸ್ ಕಟ್ಟದ ತಂಡಗಳಿಗೆ ಹಂಚಿಕೆಯಾಗುತ್ತದೆ. ಅಂದರೆ ಖರ್ಚು ಹಿಡಿತದಲ್ಲಿಟ್ಟುಕೊಂಡ ಮಾಲೀಕನಿಗೆ ಎದುರಾಳಿಯ ಧಾರಾಳತನದಿಂದ ಚೆಕ್ ಬರುತ್ತದೆ. ಓದುಗರು ನಿಂತು ಯೋಚಿಸುವ ಜಾಗ ಇದು, ನೀವು ತಪ್ಪು ಹೇಳಿ ದಾಟಿಬಿಟ್ಟಿದ್ದೀರಿ.

ಮೂರನೆಯದು, ಪಂಜಾಬಿನ ಸತ್ನಾಮ್ ಸಿಂಗ್ 2015ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾದ ಕೂಡಲೇ ಕೋಟ್ಯಧಿಪತಿಯಾದರು ಎನ್ನುವುದು. ಅವರನ್ನು ಡಲ್ಲಾಸ್ ಆರಿಸಿಕೊಂಡದ್ದು 52ನೆಯವರಾಗಿ, ಎರಡನೇ ಸುತ್ತಿನಲ್ಲಿ. ಸಂಬಳದ ಪಟ್ಟಿ ಮೊದಲೇ ನಿಗದಿಯಾಗಿರುವುದು ಮೊದಲ ಸುತ್ತಿನವರಿಗೆ ಮಾತ್ರ. ಎರಡನೇ ಸುತ್ತಿನವರಿಗೆ ಒಪ್ಪಂದದ ಖಾತರಿಯೇ ಇರಲಿಲ್ಲ. ಎನ್‌ಬಿಎ ಲೀಗ್‌ನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಭಾರತದಿಂದ ಡ್ರಾಫ್ಟ್ ಆದ ಮೊದಲ ಹುಡುಗನ ಬಗ್ಗೆ ಹೆಮ್ಮೆ ಇರಲಿ, ಆದರೆ ನಡೆಯದ್ದನ್ನು ನಡೆಯಿತು ಎಂದು ಬರೆಯಬಾರದು.

ಇನ್ನು ಅಂಕಿಗಳು. ಪ್ರತಿ ಡಾಲರ್ ಮೊತ್ತದ ಪಕ್ಕದಲ್ಲೂ ರೂಪಾಯಿ ಲೆಕ್ಕ ಹಾಕಿದ್ದೀರಿ. ಐದನೇ ಸಲ ಬರುವಷ್ಟರಲ್ಲಿ ಕಣ್ಣು ಜಾರುತ್ತದೆ. ಓದುಗನಿಗೆ ಇಲ್ಲಿ ಬೇಕಾಗಿರುವುದು ಪಾಲು. ಆರು ವರ್ಷದವರೆಗೆ ಆಡಿದವನಿಗೆ ಗರಿಷ್ಠ ಸಂಬಳ ಸಾಮಾನ್ಯವಾಗಿ ಕ್ಯಾಪ್‌ನ 25%, ಏಳರಿಂದ ಒಂಬತ್ತು ವರ್ಷವಾದರೆ 30%, ಹತ್ತು ದಾಟಿದರೆ 35% ಎನ್ನಿ ಸಾಕು. ಇಬ್ಬರು ಹಿರಿಯ ಸ್ಟಾರ್‌ಗಳಿಗೆ 70% ಹೋದರೆ ಉಳಿದವರನ್ನೆಲ್ಲ ಹೇಗೆ ತರುವುದು ಎಂದು ಓದುಗನೇ ಕೇಳಿಕೊಳ್ಳುತ್ತಾನೆ. ಕ್ಯಾಪ್‌ನ ಮೊತ್ತ ಎಲ್ಲಿಂದ ಬರುತ್ತದೆ ಎನ್ನುವುದನ್ನೂ ನೀವು ಹೇಳಿಲ್ಲ. ಟಿವಿ ಹಕ್ಕು, ಟಿಕೆಟ್ ಎಲ್ಲ ಸೇರಿದ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಆಟಗಾರರದ್ದು. 2011ಕ್ಕೆ ಮುಂಚೆ ಅದು 57% ಇತ್ತು. ಆ ವರ್ಷ ಮಾಲೀಕರು ಆಟ ನಿಲ್ಲಿಸಿ ಹೂಡಿದ ಲಾಕ್‌ಔಟ್ ಮುಗಿದಾಗ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಇಷ್ಟು ಹೇಳಿದರೆ, ಟಿವಿಯ ಹೊಸ ಒಪ್ಪಂದ ಬಂದಾಗ 2016ರಲ್ಲಿ ಕ್ಯಾಪ್ 7 ಕೋಟಿಯಿಂದ 9.4 ಕೋಟಿ ಡಾಲರ್‌ಗೆ ಯಾಕೆ ಹಾರಿತು ಎನ್ನುವುದು ತಾನಾಗಿ ಅರ್ಥವಾಗುತ್ತದೆ.

ನಿಮ್ಮ ಲೇಖನದಲ್ಲಿ ನನಗೆ ನಿಜವಾಗಿ ಇಷ್ಟವಾದ ಪ್ಯಾರಾ ಒಂದಿದೆ. 2017ರಲ್ಲಿ ಗೋಲ್ಡನ್ ಸ್ಟೇಟ್‌ನ ಕೆವಿನ್ ಡುರಾಂಟ್ ಕಡಿಮೆ ಸಂಬಳಕ್ಕೆ ಒಪ್ಪಿದ ಪ್ರಸಂಗ. ಅಲ್ಲಿ ಬರವಣಿಗೆಗೆ ಜೀವ ಬಂದಿದೆ, ಯಾಕೆಂದರೆ ಅಲ್ಲಿ ಯಾರಿಗೋ ಏನೋ ಬೇಕಾಗಿದೆ. ಆದರೆ ಅದನ್ನು ‘ತ್ಯಾಗ’ ಎಂದು ಕರೆದು ಮುಂದೆ ಹೋಗಿದ್ದೀರಿ. ಲೆಕ್ಕ ಬಿಡಿಸಿ ತೋರಿಸಬೇಕಿತ್ತು. ಡುರಾಂಟ್ ಆ ತಂಡದಲ್ಲಿ ಆಡಿದ್ದು ಒಂದೇ ವರ್ಷ. ಹಾಗಾಗಿ ಬರ್ಡ್ ಬಾಗಿಲು ಅವರಿಗೆ ಪೂರ್ತಿ ತೆರೆದಿರಲಿಲ್ಲ. ಹಿಂದಿನ 2.65 ಕೋಟಿ ಡಾಲರ್ ಸಂಬಳದ ಮೇಲೆ 20% ತನಕ ಏರಿಕೆ ಸಿಗಬಹುದಿತ್ತು, ಅಷ್ಟೇ. ಅದಕ್ಕಿಂತ ಹೆಚ್ಚು ಬೇಕೆಂದರೆ ತಂಡ ಕ್ಯಾಪ್‌ನೊಳಗೆ ಜಾಗ ಮಾಡಬೇಕು. ಜಾಗ ಮಾಡಲು ಆಂದ್ರೆ ಇಗ್ವಾಡಾಲ ಅಂಥವರ ಮೇಲಿನ ಹಕ್ಕು ಬಿಟ್ಟುಕೊಡಬೇಕು. ಡುರಾಂಟ್ ಸುಮಾರು 2.5 ಕೋಟಿಗೇ ಸಹಿ ಹಾಕಿದರು. ಇಗ್ವಾಡಾಲ ಉಳಿದರು, ಶಾನ್ ಲಿವಿಂಗ್‌ಸ್ಟನ್ ಉಳಿದರು, ಸ್ಟೆಫ್ ಕರಿ ಐದು ವರ್ಷಕ್ಕೆ 20.1 ಕೋಟಿಯ ಒಪ್ಪಂದ ಪಡೆದರು. ಮುಂದಿನ ವರ್ಷ ಅದೇ ತಂಡ ಮತ್ತೆ ಚಾಂಪಿಯನ್. ಇದನ್ನು ತ್ಯಾಗ ಎನ್ನುವುದಕ್ಕಿಂತ, ಗೆಲ್ಲಬೇಕೆಂದಿದ್ದ ಒಬ್ಬ ಮನುಷ್ಯ ನಿಯಮವನ್ನು ಚೆನ್ನಾಗಿ ತಿಳಿದುಕೊಂಡಿದ್ದ ಎನ್ನಬಹುದು.

ನನ್ನ ಮುಖ್ಯ ತಕರಾರು ಇಲ್ಲೇ ಇದೆ. ಮಿಕ್ಕ ಕಡೆಯೆಲ್ಲ ನೀವು ನಿಯಮಗಳನ್ನು ಒಂದರ ಕೆಳಗೊಂದು ಜೋಡಿಸಿದ್ದೀರಿ. ಒಂದೊಂದಕ್ಕೂ ಒಂದೇ ಅಳತೆಯ ಪ್ಯಾರಾ. ಅವು ಆಕಾಶದಿಂದ ಉದುರಿದಂತೆ ಕಾಣುತ್ತವೆ. ಆದರೆ ಇವುಗಳಲ್ಲಿ ಬಹಳಷ್ಟು ಯಾರದೋ ಜಗಳದಿಂದ ಹುಟ್ಟಿದವು. ಯಾರೋ ಹೆಚ್ಚು ಕೇಳಿದರು, ಯಾರೋ ಹೆದರಿದರು, ಕೂತು ಮಾತಾಡಿ ಒಂದು ನಿಯಮ ಮಾಡಿದರು. ಆ ಜಗಳ ಬರೆದರೆ ನಿಯಮ ತಾನಾಗಿ ಹಿಂದೆ ಬರುತ್ತದೆ.

ನನ್ನನ್ನು ಕೇಳಿದರೆ, ಇಡೀ ಲೇಖನವನ್ನು ಒಂದೇ ತಂಡದ ಮೇಲೆ ನಿಲ್ಲಿಸಬಹುದು: ಮಿನ್ನೆಸೊಟಾ ಟಿಂಬರ್‌ವುಲ್ವ್ಸ್.

1994ರಿಂದ ಶುರುಮಾಡಿ. ಆ ವರ್ಷ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಬಂದ ಗ್ಲೆನ್ ರಾಬಿನ್‌ಸನ್, ಒಂದು ಪಂದ್ಯವನ್ನೂ ಆಡುವ ಮುಂಚೆ 10 ಕೋಟಿ ಡಾಲರ್ ಕೇಳಿದ. ಕೊನೆಗೆ ಹತ್ತು ವರ್ಷಕ್ಕೆ 6.8 ಕೋಟಿಗೆ ಒಪ್ಪಂದವಾಯಿತು. ಮಾಲೀಕರು ಬೆಚ್ಚಿದರು. 1995ರಿಂದ ಹೊಸಬರಿಗೆ ನಿಗದಿತ ಸಂಬಳದ ಪಟ್ಟಿ ಬಂತು, ಮೂರು ವರ್ಷದ ಒಪ್ಪಂದ. ಆ ಪಟ್ಟಿ ಬಂದ ಮೊದಲ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು ಜೋ ಸ್ಮಿತ್. ಐದನೆಯವನು, ಹೈಸ್ಕೂಲಿನಿಂದ ನೇರ ಬಂದ ಕೆವಿನ್ ಗಾರ್ನೆಟ್. ಇವನನ್ನು ಆರಿಸಿಕೊಂಡದ್ದು ಮಿನ್ನೆಸೊಟಾ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ.

ಹೊಸಬರ ಸಂಬಳ ತಗ್ಗಿಸಲು ಬಂದ ಆ ನಿಯಮ ಬೇರೆ ಕಡೆ ಬಿರುಕು ಬಿಟ್ಟಿತು. ಒಪ್ಪಂದ ಮೂರೇ ವರ್ಷದ್ದಾದ್ದರಿಂದ ಒಳ್ಳೆಯ ಹುಡುಗ ಬೇಗ ದೊಡ್ಡ ಮೊತ್ತ ಕೇಳಬಹುದಾಯಿತು. 1997ರಲ್ಲಿ ಮಿನ್ನೆಸೊಟಾ ಕೊಡಲು ಬಂದ ಸುಮಾರು 10 ಕೋಟಿ ಡಾಲರ್‌ಗೆ ಗಾರ್ನೆಟ್ ಒಲ್ಲೆ ಎಂದ. ಆಗ ಅವನಿಗೆ 21 ವರ್ಷ. ಕೊನೆಗೆ ಸಿಕ್ಕಿದ್ದು ಆರು ವರ್ಷಕ್ಕೆ 12.6 ಕೋಟಿ. ಮಾಲೀಕ ಗ್ಲೆನ್ ಟೇಲರ್ ಇಡೀ ತಂಡವನ್ನು ಕೊಂಡದ್ದೇ ಅದಕ್ಕಿಂತ ಕಡಿಮೆ ಬೆಲೆಗೆ.

ಮರುವರ್ಷ ಮಾಲೀಕರು ಬಾಗಿಲು ಹಾಕಿದರು. 1998ರ ಜುಲೈಯಿಂದ 1999ರ ಜನವರಿವರೆಗೆ ಲಾಕ್‌ಔಟ್. 82 ಪಂದ್ಯಗಳ ಸೀಸನ್ 50ಕ್ಕೆ ಇಳಿಯಿತು. ಗಾರ್ನೆಟ್‌ನ ಒಪ್ಪಂದ ಅದಕ್ಕೆ ಒಂದೇ ಕಾರಣವಲ್ಲ, ಆದರೆ ಮಾಲೀಕರ ಬಾಯಲ್ಲಿ ಆ ಹೆಸರೇ ಇತ್ತು. ಅಲ್ಲಿಂದ ಹುಟ್ಟಿದ್ದು ಒಬ್ಬ ಆಟಗಾರನಿಗೆ ಗರಿಷ್ಠ ಇಷ್ಟೇ ಎನ್ನುವ ನಿಯಮ, ಮೇಲೆ ಹೇಳಿದ ಆ 25, 30, 35%.

ಇದರ ಪೆಟ್ಟು ಮೊದಲು ಬಿದ್ದವರಲ್ಲಿ ಮಿನ್ನೆಸೊಟಾವೂ ಒಂದು. ಗಾರ್ನೆಟ್ ಜೊತೆಗಾರ ಸ್ಟೆಫಾನ್ ಮಾರ್ಬರಿಗೆ ಹೊಸ ನಿಯಮದ ಪ್ರಕಾರ ಆರು ವರ್ಷಕ್ಕೆ ಸಿಗಬಹುದಾದದ್ದು ಸುಮಾರು 7.1 ಕೋಟಿ. ಪಕ್ಕದಲ್ಲಿ ಆಡುವ ಗೆಳೆಯನಿಗೆ 12.6. 1999ರ ಮಾರ್ಚ್‌ನಲ್ಲಿ ಅವನು ನ್ಯೂಜೆರ್ಸಿಗೆ ಹೊರಟುಹೋದ. ಇತ್ತ ಗಾರ್ನೆಟ್‌ನ ಮೊದಲ ವರ್ಷದ 1.4 ಕೋಟಿ, 3 ಕೋಟಿಯ ಕ್ಯಾಪ್‌ನಲ್ಲಿ ಹತ್ತಿರ ಹತ್ತಿರ ಅರ್ಧ ನುಂಗಿತ್ತು. ಒಳ್ಳೆಯ ಆಟಗಾರನನ್ನು ಹೊರಗಿನಿಂದ ತರಲು ಜಾಗವೇ ಇಲ್ಲ.

ಆಗ ಬಂದವನು ಜೋ ಸ್ಮಿತ್, 17.5 ಲಕ್ಷ ಡಾಲರ್‌ಗೆ. ಡ್ರಾಫ್ಟ್‌ನ ಮೊದಲ ಆಟಗಾರ ಇಷ್ಟು ಅಗ್ಗಕ್ಕೆ ಹೇಗೆ? ಒಳಗೊಳಗೇ ಒಂದು ಮಾತಾಗಿತ್ತು, ಅದನ್ನು ಕಾಗದದ ಮೇಲೂ ಬರೆದಿದ್ದರು. ಮೂರು ವರ್ಷ ಒಂದೊಂದೇ ವರ್ಷದ ಅಗ್ಗದ ಒಪ್ಪಂದ. ಮೂರು ವರ್ಷ ತುಂಬಿದ ಮೇಲೆ ಬರ್ಡ್ ಹಕ್ಕು ಸಿಗುತ್ತದೆ, ಆಗ 8.6 ಕೋಟಿ ಡಾಲರ್‌ವರೆಗೆ ಕೊಡುತ್ತೇವೆ. ಏಜೆಂಟರ ನಡುವಿನ ಕೋರ್ಟ್ ವ್ಯಾಜ್ಯದಲ್ಲಿ ಆ ಕಾಗದ ಹೊರಬಿತ್ತು. 2000ದಲ್ಲಿ ಕಮಿಷನರ್ ಡೇವಿಡ್ ಸ್ಟರ್ನ್ ತಂಡಕ್ಕೆ 35 ಲಕ್ಷ ಡಾಲರ್ ದಂಡ ಹಾಕಿದರು, ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಹೊಸಬರನ್ನು ಆರಿಸುವ ಐದು ಸರದಿ (ಪಿಕ್) ಕಿತ್ತುಕೊಂಡರು. ಅದರಲ್ಲಿ ಎರಡು ಆಮೇಲೆ ವಾಪಸ್ ಬಂದವು. ಸ್ಮಿತ್‌ನ ಒಪ್ಪಂದ ರದ್ದಾಯಿತು, ಕೂಡಿಟ್ಟಿದ್ದ ಬರ್ಡ್ ಹಕ್ಕೂ ಹೋಯಿತು.

ನಷ್ಟ ಕೊನೆಗೆ ಯಾರ ತಲೆಗೆ ಬಂತು ನೋಡಿ. ಗಾರ್ನೆಟ್ 2004ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾದ. ಆದರೆ ಅವನ ಸುತ್ತ ತಂಡ ಕಟ್ಟಲು ಬೇಕಿದ್ದಷ್ಟು ಹೊಸ ಹುಡುಗರು ಬರಲಿಲ್ಲ. ಚಾಂಪಿಯನ್ ಆಗಲು ಅವನು ಊರು ಬಿಟ್ಟು 2007ರಲ್ಲಿ ಬಾಸ್ಟನ್‌ಗೆ ಹೋಗಬೇಕಾಯಿತು. ನಿಮ್ಮ ಕೊನೆಯ ಪುಟದಲ್ಲಿ ‘ಈ ವ್ಯವಸ್ಥೆಯಿಂದ ಎಲ್ಲರಿಗೂ ಸಮಾನ ನ್ಯಾಯ’ ಎಂದಿದ್ದೀರಿ. ಮಾರ್ಬರಿಯನ್ನೂ ಸ್ಮಿತ್‌ನನ್ನೂ ನೋಡಿದ ಮೇಲೆ ಆ ಮಾತನ್ನು ಅಷ್ಟು ಸಲೀಸಾಗಿ ಬರೆಯಲು ಆಗುತ್ತಾ? ನನಗಂತೂ ಆಗುವುದಿಲ್ಲ. ಗರಿಷ್ಠ ಸಂಬಳದ ನಿಯಮ ದೊಡ್ಡವರಿಂದ ತೆಗೆದು ನಡುವಿನವರಿಗೆ ಕೊಡುತ್ತದೆ. ಅದು ಸರಿ ಎಂದು ವಾದಿಸಬಹುದು, ಆದರೆ ವಾದಿಸಬೇಕು, ಸುಮ್ನೆ ಹೇಳಿಬಿಡುವುದಲ್ಲ.

ಸಹಿಯ ಕ್ರಮದ ಬಗ್ಗೆಯೂ ಒಂದು ಪ್ಯಾರಾ ಬೇಕು. ಯಾರಿಗೆ ಮೊದಲು ಸಹಿ ಹಾಕಿಸುವುದು ಎನ್ನುವುದೇ ಅರ್ಧ ಆಟ. 2015ರಲ್ಲಿ ಸ್ಯಾನ್ ಆಂಟೋನಿಯೊದ ಕವಾಯ್ ಲೆನಾರ್ಡ್ ಒಪ್ಪಂದ ಮುಗಿದಾಗ, ಅವನ ಹೆಸರಲ್ಲಿ ಕ್ಯಾಪ್‌ನೊಳಗೆ ಸುಮಾರು 72 ಲಕ್ಷ ಡಾಲರ್ ಮಾತ್ರ ಕಾದಿರಿಸಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಸಹಿ ಹಾಕಿದ್ದರೆ ಆ ಜಾಗ 1.64 ಕೋಟಿಗೆ ಹಿಗ್ಗುತ್ತಿತ್ತು. ಅವನು ಕಾದ. ಆ ಖಾಲಿ ಜಾಗಕ್ಕೆ ತಂಡ ಲಾಮಾರ್ಕಸ್ ಆಲ್ಡ್ರಿಜ್‌ನನ್ನು ತಂದಿತು. ಆಮೇಲೆ ಕ್ಯಾಪ್ ಮೀರಿ ಲೆನಾರ್ಡ್‌ಗೆ ಐದು ವರ್ಷದ ಗರಿಷ್ಠ ಒಪ್ಪಂದ ಕೊಟ್ಟಿತು.

ಲೀಗ್ ಮತ್ತು ಆಟಗಾರರ ನಡುವಿನ 2023ರ ಒಪ್ಪಂದ ತಂದ ಸೆಕೆಂಡ್ ಏಪ್ರನ್‌ಗೆ, ಅಂದರೆ ಕ್ಯಾಪ್‌ಗಿಂತ ಬಹಳ ಮೇಲೆ ಎಳೆದ ಇನ್ನೊಂದು ಗೆರೆಗೆ, ನಾಲ್ಕು ಪುಟ ಬೇಡ. ಆ ಗೆರೆ ದಾಟಿದರೆ ದುಡ್ಡಷ್ಟೇ ಅಲ್ಲ, ಕೈಯೂ ಕಟ್ಟಿಹೋಗುತ್ತದೆ. ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ (ತಂಡಗಳ ನಡುವೆ ಆಟಗಾರರ ವಿನಿಮಯ) ತರಲಾಗದು. 2024ರಲ್ಲಿ ಗೆದ್ದ ಬಾಸ್ಟನ್, ಮರುವರ್ಷವೇ ಜ್ರೂ ಹಾಲಿಡೇ ಮತ್ತು ಪೋರ್ಜಿಂಗಿಸ್‌ರನ್ನು ಕಳಿಸಿಕೊಟ್ಟದ್ದು ಈ ಗೆರೆಯಿಂದ ಕೆಳಗಿಳಿಯಲು. ಇಷ್ಟು ಸಾಕು.

ಮತ್ತೆ ಬರೆಯಿರಿ. ಮಿನ್ನೆಸೊಟಾದಿಂದ ಶುರುಮಾಡಿ, ಡುರಾಂಟ್ ಪ್ಯಾರಾ ಉಳಿಸಿಕೊಳ್ಳಿ, 1,200 ಪದ ದಾಟಬೇಡಿ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವ ಮುಂಚೆ ಕೈಸೇರಿದರೆ, ಆ ವಾರವೇ ಹಾಕಲು ಜಾಗ ಇಟ್ಟಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ