ಅರ್ಜಿಯ ಧರ್ಮದ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದ ತಂಗಿಗೆ

ಪ್ರೀತಿಯ ತಂಗಿ,

ಕಾರವಾರದಲ್ಲಿ ನರ್ಸಿಂಗ್ ಮುಗಿಸಿ, ಜರ್ಮನಿಯ ಕಲೋನ್ ನಗರದ ಆಸ್ಪತ್ರೆಯೊಂದಕ್ಕೆ ಹೊರಟಿರುವ ನೀನು ಚಂದಾವರದಿಂದ ಬರೆದ ಪತ್ರ ತಲುಪಿತು. ಇಗರ್ಜಿಗೆ ಹೋಗುವವರೇ ಕಡಿಮೆಯಾಗಿರುವ ದೇಶದಲ್ಲಿ ಕ್ರೈಸ್ತಳಾಗಿ ಪ್ರಾಮಾಣಿಕವಾಗಿ ಬದುಕುವುದು ಹೇಗೆ ಎಂದು ಕೇಳಿದ್ದೀಯ. ಅದರ ಬೆನ್ನಿಗೇ ಮೂರು ಸಣ್ಣ ಪ್ರಶ್ನೆಗಳನ್ನೂ ಸೇರಿಸಿದ್ದೀಯ: ವಿಳಾಸ ನೋಂದಾಯಿಸುವಾಗ ಧರ್ಮದ ಅಂಕಣವನ್ನು ಖಾಲಿ ಬಿಟ್ಟರೆ ತೆರಿಗೆ ಉಳಿಯುತ್ತದೆ ಎಂದು ಮೊದಲೇ ಬಂದಿರುವ ಗೆಳತಿಯರು ಹೇಳುತ್ತಿದ್ದಾರೆ, ಅದು ಸರಿಯೇ, ಹನ್ನೊಂದು ತಿಂಗಳ ಕೆಲಸದ ಅನುಭವವನ್ನು ಎರಡು ವರ್ಷವೆಂದು ಬರೆಸಿಕೊಡುವುದಾಗಿ ಏಜೆಂಟರು ಹೇಳುತ್ತಿದ್ದಾರೆ, ಏನು ಮಾಡಲಿ, ಭಾನುವಾರ ಪಾಳಿ ಬಿದ್ದರೆ ಪೂಜೆಯ ಗತಿಯೇನು. ಈ ಸಣ್ಣ ಪ್ರಶ್ನೆಗಳಿಗೆ ಕೊಡುವ ಉತ್ತರ ಬಿಟ್ಟರೆ ಆ ದೊಡ್ಡ ಪ್ರಶ್ನೆಗೆ ನನಗೆ ಬೇರೆ ಉತ್ತರ ಗೊತ್ತಿಲ್ಲ. ನಾನಿರುವ ಈ ಜರ್ಮನಿಯಲ್ಲಿ ನಮ್ಮ ವಿಶ್ವಾಸವನ್ನು ಯಾರೂ ಕಸಿದುಕೊಳ್ಳಲು ಬರುವುದಿಲ್ಲ, ಅದಕ್ಕಾಗಿ ಹಿಂಸಿಸುವುದೂ ಇಲ್ಲ. ಅದು ಪರೀಕ್ಷೆಗೆ ಒಳಗಾಗುವುದು ಅರ್ಜಿಯ ಅಂಕಣಗಳಲ್ಲಿ ಮತ್ತು ಸಹಿ ಹಾಕುವ ಜಾಗಗಳಲ್ಲಿ. ಆದ್ದರಿಂದ ನಿನ್ನ ಮೊದಲ ಪ್ರಶ್ನೆಯನ್ನೇ ಸ್ವಲ್ಪ ವಿವರವಾಗಿ ತೆಗೆದುಕೊಳ್ಳುತ್ತೇನೆ.

ಬಾಡಿಗೆ ಮನೆಗೆ ಬಂದ ಎರಡು ವಾರದೊಳಗೆ, ಮನೆಯ ಮಾಲೀಕರು ಬರೆದುಕೊಟ್ಟ ದೃಢೀಕರಣ ಪತ್ರದೊಂದಿಗೆ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸವನ್ನು ನೋಂದಾಯಿಸಬೇಕು. ಆ ಅರ್ಜಿಯಲ್ಲಿ ಧರ್ಮವನ್ನೂ ಕೇಳುತ್ತಾರೆ. ರೋಮನ್ ಕಥೋಲಿಕ ಎಂದು ಬರೆದರೆ ಆ ಮಾಹಿತಿ ತೆರಿಗೆ ಇಲಾಖೆಗೂ, ಅಲ್ಲಿಂದ ನಿನ್ನ ಆಸ್ಪತ್ರೆಯ ಸಂಬಳ ವಿಭಾಗಕ್ಕೂ ಹೋಗುತ್ತದೆ. ಮೊದಲ ತಿಂಗಳ ಸಂಬಳ ಚೀಟಿಯ ಮೇಲ್ಭಾಗದಲ್ಲಿ ತೆರಿಗೆ ವರ್ಗದ ಆಸುಪಾಸಿನಲ್ಲಿ ‘ಆರ್‌ಕೆ’ ಎಂಬ ಎರಡೇ ಅಕ್ಷರಗಳು ಇರುತ್ತವೆ, ರೋಮನ್ ಕಥೋಲಿಕ ಎಂಬುದರ ಗುರುತು. ಕೆಳಗೆ ಕಡಿತಗಳ ಸಾಲಿನಲ್ಲಿ ಚರ್ಚ್ ತೆರಿಗೆ ಎಂದು, ಚರ್ಚಿನ ಸದಸ್ಯರಿಂದ ಚರ್ಚಿಗಾಗಿ ಹಿಡಿಯುವ ಒಂದು ಮೊತ್ತವಿರುತ್ತದೆ. ನಿನ್ನ ಗೆಳತಿಯರು ಹೆದರಿಸಿದಂತೆ ಅದು ಸಂಬಳದ 9% ಅಲ್ಲ, ಆದಾಯ ತೆರಿಗೆಯ 9%. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಅದು 8%. ಒಂಟಿಯಾಗಿರುವವರಿಗೆ 3,000 ಯೂರೋ ಸಂಬಳದಲ್ಲಿ ಆದಾಯ ತೆರಿಗೆ ಸುಮಾರು 300 ಯೂರೋ ಆಗುತ್ತದೆ ಎಂದುಕೊಂಡರೆ ಚರ್ಚ್ ತೆರಿಗೆ ಸುಮಾರು 27 ಯೂರೋ. ವರ್ಷದ ಕೊನೆಯಲ್ಲಿ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಆದಾಯದಿಂದ ಕಳೆದು ತೋರಿಸುವ ಅವಕಾಶವೂ ಇದೆ. ಕುವೈತಿನಲ್ಲಿರುವ ನಿನ್ನ ಮಾವ ಇದನ್ನು ಸುಲಿಗೆ ಎಂದು ಕರೆದರೆಂದು ಬರೆದಿದ್ದೀಯ. ಅವರಿರುವ ದೇಶದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲದ್ದರಿಂದ ಅವರಿಗೆ ಹಾಗೆ ತೋರುವುದು ಸಹಜ; ನಮ್ಮ ಕರಾವಳಿಯವರಿಗೆ ಪರದೇಶವೆಂದರೆ ಮೊದಲು ನೆನಪಾಗುವುದು ಕೊಲ್ಲಿಯ ಲೆಕ್ಕಾಚಾರವೇ. ಆ ಲೆಕ್ಕಾಚಾರ ಯೂರೋಪಿಗೆ ಹೊಂದುವುದಿಲ್ಲ.

ಅಂಕಣವನ್ನು ಖಾಲಿ ಬಿಟ್ಟರೆ ಏನಾಗುತ್ತದೆ? ಬಹಳ ಮಂದಿಗೆ ಬಹಳ ಕಾಲ ಏನೂ ಆಗುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಆದರೆ ಇಲ್ಲಿಯ ಧರ್ಮಕೇಂದ್ರಕ್ಕೆ, ಅಂದರೆ ಆಯಾ ಪ್ರದೇಶದ ಇಗರ್ಜಿಗೆ, ತನ್ನ ಸದಸ್ಯರ ಪಟ್ಟಿ ಬರುವುದು ಅದೇ ನೋಂದಣಿ ಕಚೇರಿಯಿಂದ. ಊರಿನಲ್ಲಿ ಗುರುಗಳು ಮನೆ ಮನೆಗೆ ಬಂದು ಆಶೀರ್ವದಿಸುವಾಗ ಯಾರು ಹೊಸಬರು, ಯಾರು ಕಾಯಿಲೆ ಬಿದ್ದಿದ್ದಾರೆ ಎಂದು ತಿಳಿಯುತ್ತದೆ. ಇಲ್ಲಿ ಆ ಪಟ್ಟಿಯಲ್ಲಿ ಇಲ್ಲದವಳು ಧರ್ಮಕೇಂದ್ರದ ಮಟ್ಟಿಗೆ ಇಲ್ಲವೇ ಇಲ್ಲ. ಮುಂದೆ ನಿನ್ನ ಮದುವೆಗೆ ನೀನು ವಾಸಿಸುವ ಧರ್ಮಕೇಂದ್ರದಿಂದ ಪತ್ರ ಬೇಕಾದಾಗ, ಮಗುವಿಗೆ ಜ್ಞಾನಸ್ನಾನ ಕೊಡಿಸುವಾಗ, ನಗರಾಡಳಿತದಲ್ಲಿ ಧರ್ಮವಿಲ್ಲದವಳು ಇಲ್ಲಿ ಕಥೋಲಿಕಳು ಹೇಗಾದಳು ಎಂಬ ಪ್ರಶ್ನೆ ಏಳುತ್ತದೆ. ಬರ್ಲಿನ್‌ನಂಥ ಕಡೆ ನಿಮಗೆ ಜ್ಞಾನಸ್ನಾನವಾಗಿದೆಯೇ ಎಂದು ಕೇಳುವ ಪ್ರಶ್ನಾವಳಿ ಮನೆಗೇ ಬರುತ್ತದೆ. ಹಿಂದಿನ ವರ್ಷಗಳ ತೆರಿಗೆಯನ್ನು ಒಟ್ಟಿಗೆ ಕೇಳಿದ ಪ್ರಸಂಗಗಳೂ ಇವೆ.

ಇವೆಲ್ಲ ಸಿಕ್ಕಿಬೀಳುವ ಭಯದ ಮಾತಾದವು, ಮತ್ತು ಭಯದಿಂದ ನಿಜ ಹೇಳುವುದು ದೊಡ್ಡ ಸಂಗತಿಯೇನಲ್ಲ. ನನ್ನ ಆಕ್ಷೇಪ ಬೇರೆ. ಈ ತೆರಿಗೆ ಬೇಡವೆಂದರೆ ಜರ್ಮನಿಯಲ್ಲಿ ಅದಕ್ಕೊಂದು ನೇರವಾದ ದಾರಿಯಿದೆ. ಕಲೋನ್ ಇರುವ ರಾಜ್ಯದಲ್ಲಿ ಸ್ಥಳೀಯ ನ್ಯಾಯಾಲಯಕ್ಕೆ ಹೋಗಿ, 30 ಯೂರೋ ಶುಲ್ಕ ಕಟ್ಟಿ, ಚರ್ಚನ್ನು ಬಿಡುತ್ತಿದ್ದೇನೆಂದು ಅಧಿಕಾರಿಯ ಮುಂದೆ ಸಹಿ ಹಾಕಬಹುದು. 2022ರಲ್ಲಿ 5,22,000ಕ್ಕೂ ಹೆಚ್ಚು ಕಥೋಲಿಕರು ಹೀಗೆ ಹೊರಗೆ ಹೋದರು. ಅವರೆಲ್ಲ ಹಣ ಉಳಿಸಲು ಹೋದವರಲ್ಲ. 1946ರಿಂದ 2014ರವರೆಗಿನ ಕಡತಗಳನ್ನು ನೋಡಿ 2018ರಲ್ಲಿ ಪ್ರಕಟವಾದ ವರದಿಯಲ್ಲಿ, ಗುರುಗಳಿಂದ ಮತ್ತು ಧಾರ್ಮಿಕ ಸಭೆಗಳ ಸದಸ್ಯರಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 3,677 ಮಕ್ಕಳ ಪ್ರಕರಣಗಳಿದ್ದವು. ನನ್ನ ವಾರ್ಡಿನ ಹಿರಿಯ ಸಹೋದ್ಯೋಗಿಯೊಬ್ಬಳು ಆ ವರದಿಯ ನಂತರವೇ ಚರ್ಚ್ ಬಿಟ್ಟಳು, ಬಿಟ್ಟದ್ದನ್ನು ತನ್ನ ಧರ್ಮಕೇಂದ್ರದ ಗುರುಗಳಿಗೆ ಪತ್ರ ಬರೆದು ತಿಳಿಸಿದಳು, ಅಂದಿನಿಂದ ಪರಮಪ್ರಸಾದ ಸ್ವೀಕರಿಸಲು ಹೋಗಿಲ್ಲ. ಹೀಗೆ ಬಿಟ್ಟವರು ಸಂಸ್ಕಾರಗಳನ್ನು ಪಡೆಯುವಂತಿಲ್ಲ ಎಂದು ಜರ್ಮನಿಯ ಬಿಷಪರು 2012ರಲ್ಲಿ ಆದೇಶ ಹೊರಡಿಸಿದ್ದಾರೆ. ಆ ಆದೇಶ ತೀರಾ ಕಠಿಣವೆಂದೇ ನನ್ನ ಅಭಿಪ್ರಾಯ. ಹಣಕ್ಕೂ ಸಂಸ್ಕಾರಕ್ಕೂ ಗಂಟು ಹಾಕಿದ್ದು ಇಲ್ಲಿಯ ಅನೇಕ ಭಕ್ತರಿಗೂ ನುಂಗಲಾರದ ತುತ್ತು. ಆದರೂ, ಕಚೇರಿಯಲ್ಲಿ ತನಗೆ ಧರ್ಮವಿಲ್ಲವೆಂದು ಬರೆದು ಭಾನುವಾರ ಮೊದಲ ಸಾಲಿನಲ್ಲಿ ನಿಲ್ಲುವ ನಮ್ಮವರಿಗಿಂತ, ಮುಚ್ಚುಮರೆಯಿಲ್ಲದೆ ಹೊರಗೆ ಹೋದ ಆಕೆಯ ಬಗ್ಗೆ ನನಗೆ ಹೆಚ್ಚು ಗೌರವವಿದೆ. ಹೌದಾದದ್ದಕ್ಕೆ ಹೌದು, ಅಲ್ಲದ್ದಕ್ಕೆ ಅಲ್ಲ ಎನ್ನಿ ಎಂದು ಕ್ರಿಸ್ತರು ಮತ್ತಾಯನ ಶುಭಸಂದೇಶದಲ್ಲಿ ಹೇಳಿದ್ದನ್ನು ಅವಳು ಪಾಲಿಸಿದ್ದಾಳೆ.

ಈ ಹಣ ಎಲ್ಲಿಗೆ ಹೋಗುತ್ತದೆ ಎಂದೂ ನೀನು ಕೇಳಬಹುದು. ಗುರುಗಳ ಮತ್ತು ಸಿಬ್ಬಂದಿಯ ಸಂಬಳ, ಶಿಶುವಿಹಾರಗಳು, ಸಲಹಾ ಕೇಂದ್ರಗಳು, ಹಳೆಯ ಕಟ್ಟಡಗಳ ದುರಸ್ತಿ ಇವೆಲ್ಲ ಅದರಲ್ಲಿ ಸೇರಿವೆ. ಚರ್ಚಿನ ಹೆಸರಿನ ಆಸ್ಪತ್ರೆಗಳು ಮಾತ್ರ ಬಹುಮಟ್ಟಿಗೆ ಆರೋಗ್ಯ ವಿಮೆಯ ಹಣದಿಂದ ನಡೆಯುತ್ತವೆಯೇ ಹೊರತು ಈ ತೆರಿಗೆಯಿಂದಲ್ಲ. ಚರ್ಚಿನ ಪರವಾಗಿ ವಾದಿಸುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ.

ಅನುಭವ ಪತ್ರದ ವಿಷಯಕ್ಕೆ ಹೆಚ್ಚು ಮಾತು ಬೇಡ. ಹನ್ನೊಂದು ತಿಂಗಳು ಎಂದೇ ಬರೆಸು. ನಿನ್ನ ಪದವಿಗೆ ಮಾನ್ಯತೆ ಕೊಡುವ ಅಧಿಕಾರಿಗಳು ನೀನು ಓದಿದ ವಿಷಯಗಳನ್ನೂ ಗಂಟೆಗಳನ್ನೂ ತಾಳೆ ನೋಡುತ್ತಾರೆ, ಕೊರತೆ ಕಂಡರೆ ಇಲ್ಲಿಯೇ ತರಬೇತಿ ಕೊಟ್ಟು ತುಂಬಿಸುತ್ತಾರೆ. ಆ ತರಬೇತಿಯ ತಿಂಗಳುಗಳಲ್ಲಿ ಸಂಬಳ ಸ್ವಲ್ಪ ಕಡಿಮೆ ಇರುತ್ತದೆ, ಅಷ್ಟೇ. ಸುಳ್ಳು ಪತ್ರ ಕೊಟ್ಟದ್ದು ಗೊತ್ತಾದರೆ ಮಾನ್ಯತೆಯೂ ಹೋಗುತ್ತದೆ, ವೀಸಾ ಕೂಡ ಹೋಗಬಹುದು. ಏಜೆಂಟರಿಗೆ ಅವರ ಕಮಿಷನ್ ಅಷ್ಟರೊಳಗೆ ಸಂದಾಯವಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ವರ್ಷದ ಅನುಭವಸ್ಥಳೆಂದು ನಂಬಿ ಮೊದಲ ವಾರವೇ ನಿನ್ನ ಕೈಗೆ ಒಪ್ಪಿಸುವ ರೋಗಿಗೆ ಆ ಪತ್ರದಿಂದ ಅನ್ಯಾಯವಾಗುತ್ತದೆ.

ನೀನು ಕೇಳದೆ ಇದ್ದರೂ ನಾನು ಹೇಳಲೇಬೇಕಾದ ಮಾತು ವಾರ್ಡಿನದು. ಎದ್ದು ಹೊರಳಲಾರದ ರೋಗಿಗೆ ಹಾಸಿಗೆ ಹುಣ್ಣು ಆಗದಂತೆ ಗೊತ್ತುಮಾಡಿದ ಅಂತರದಲ್ಲಿ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಮಗ್ಗುಲು ಬದಲಿಸಬೇಕೆಂದು ನಿನಗೆ ಗೊತ್ತು. ಇಲ್ಲಿ ಅದಕ್ಕೊಂದು ದಾಖಲೆಯಿದೆ: ಸಮಯ, ಎಡಗಡೆಯೋ ಬಲಗಡೆಯೋ ಬೆನ್ನಿನ ಮೇಲೋ, ಚರ್ಮ ಎಲ್ಲಾದರೂ ಕೆಂಪಾಗಿದೆಯೋ, ಕೊನೆಗೆ ಮಾಡಿದವರ ಕಿರುಸಹಿ. ರಾತ್ರಿ ಪಾಳಿಯಲ್ಲಿ ಜನ ಕಡಿಮೆ. ಮೂರು ಕಡೆ ಒಟ್ಟಿಗೆ ಗಂಟೆ ಬಾರಿಸುತ್ತದೆ, ಎರಡು ಗಂಟೆಯ ಸರದಿ ತಪ್ಪಿಹೋಗುತ್ತದೆ, ಬೆಳಗಿನ ಪಾಳಿಯವರು ಬರುವ ಮೊದಲು ಕುರ್ಚಿಯಲ್ಲಿ ಕುಳಿತು ಹನ್ನೆರಡು, ಎರಡು, ನಾಲ್ಕು ಎಂದು ಸಾಲಾಗಿ ತುಂಬಿಸಿಬಿಡುವುದು ಬಹಳ ಸುಲಭ. ಎಲ್ಲರೂ ಹಾಗೆ ಮಾಡುತ್ತಾರೆಂದು ನಿನಗೆ ಯಾರಾದರೂ ಹೇಳಿಯೂ ಹೇಳುತ್ತಾರೆ. ಎರಡು ಗಂಟೆಗೆ ಮಾಡಲಿಲ್ಲವೆಂದಾದರೆ ಎರಡು ಗಂಟೆಯ ಜಾಗದಲ್ಲಿ ಸಹಿ ಹಾಕಬೇಡ. ಮೂರೂಕಾಲಿಗೆ ಮಾಡಿದರೆ ಮೂರೂಕಾಲು ಎಂದೇ ಬರೆದು, ತಡವಾದ ಕಾರಣವನ್ನು ಒಂದು ಸಾಲಿನಲ್ಲಿ ಸೇರಿಸು. ಮರುದಿನ ಮುಖ್ಯ ನರ್ಸ್ ಹುಬ್ಬು ಗಂಟಿಕ್ಕಬಹುದು. ಆದರೆ ರಾತ್ರಿ ಪಾಳಿಗೆ ಜನ ಸಾಲುತ್ತಿಲ್ಲ ಎಂಬುದು ಆಡಳಿತಕ್ಕೆ ಗೊತ್ತಾಗುವ ದಾರಿಯೂ ಆ ಒಂದು ಸಾಲೇ. ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದಿದೆ ಎಂದು ಕಾಗದ ಹೇಳುತ್ತಿದ್ದರೆ ಇನ್ನೊಬ್ಬಳನ್ನು ಯಾರೂ ಕೊಡುವುದಿಲ್ಲ. ಔಷಧಿ ಕೊಡುವುದರಲ್ಲಿ ತಪ್ಪಾದರೂ ಹಾಗೆಯೇ: ಮೊದಲು ವೈದ್ಯರಿಗೆ ಹೇಳು, ಆಮೇಲೆ ಬರೆ. ಹೆಸರು ಹೇಳದೆ ಲೋಪಗಳನ್ನು ವರದಿ ಮಾಡುವ ಏರ್ಪಾಡು ಇಲ್ಲಿಯ ಆಸ್ಪತ್ರೆಗಳಲ್ಲಿದೆ, ಅದನ್ನು ಬಳಸಲು ಹಿಂಜರಿಯಬೇಡ.

ನಮ್ಮ ಊರುಗಳಲ್ಲಿ ಪ್ರಾಮಾಣಿಕತೆಗೆ ಅಕ್ಕಪಕ್ಕದವರ ಕಣ್ಣಿನ ಕಾವಲಿರುತ್ತದೆ. ಹೊನ್ನಾವರದ ಮೀನು ಪೇಟೆಯಲ್ಲಿ ನಾನು ಯಾರ ಮಗಳೆಂದು ಗೊತ್ತಿಲ್ಲದವರಿರಲಿಲ್ಲ, ಚಂದಾವರದಲ್ಲಿ ನಿನ್ನ ಸ್ಥಿತಿಯೂ ಅದೇ ಇರಬೇಕು. ಕಲೋನಿನಲ್ಲಿ ಆ ಕಣ್ಣುಗಳಿಲ್ಲ. ಇಲ್ಲಿಯ ನಗರ ರೈಲುಗಳಿಗೆ ಗೇಟಿಲ್ಲ, ಟಿಕೆಟ್ ಕೇಳುವವರು ಅಪರೂಪಕ್ಕೆ ಬರುತ್ತಾರೆ. ಸಿಕ್ಕಿದರೆ 60 ಯೂರೋ ದಂಡ, ಸಿಗದಿದ್ದರೆ ತಿಂಗಳುಗಟ್ಟಲೆ ಪುಕ್ಕಟೆ ಓಡಾಡಬಹುದು. ಹುಷಾರಿಲ್ಲವೆಂದು ಫೋನ್ ಮಾಡಿದರೆ, ಆಸ್ಪತ್ರೆ ಬೇರೆ ನಿಯಮ ಮಾಡಿಲ್ಲದಿದ್ದರೆ, ಮೊದಲ ಮೂರು ದಿನ ವೈದ್ಯರ ಚೀಟಿ ಕೇಳದೆ ನಿನ್ನ ಮಾತನ್ನೇ ನಂಬುತ್ತಾರೆ. ಈ ನಂಬಿಕೆಯ ಮೇಲೆ ಕೈಯಿಡುವ ಆಸೆ ಡಿಸೆಂಬರ್ 3ರ ಸುಮಾರಿಗೆ ನಿನಗೆ ಬಂದೇ ಬರುತ್ತದೆ. ಸಂತ ಫ್ರಾನ್ಸಿಸ್ ಕ್ಷೇವಿಯರರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುವ ಚಂದಾವರದಲ್ಲಿ ಹುಟ್ಟಿದವಳಿಗೆ ಆ ದಿನ ಮಂಜಿನಲ್ಲಿ ಕೆಲಸಕ್ಕೆ ಹೋಗುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ. ರಜೆಯ ಪಟ್ಟಿಯನ್ನು ಬಹುತೇಕ ವಾರ್ಡುಗಳಲ್ಲಿ ಹಿಂದಿನ ವರ್ಷವೇ ತಯಾರಿಸುತ್ತಾರೆ. ಆ ವಾರವನ್ನು ಆಗಲೇ ಕೇಳಿ ಬರೆಸಿಕೋ, ಹಬ್ಬದ ಕಾರಣವನ್ನೂ ಹೇಳು. ಅದಕ್ಕೆ ಬದಲಾಗಿ ಹೊಸ ವರ್ಷದ ರಾತ್ರಿಯ ಪಾಳಿಯನ್ನು ನೀನೇ ಒಪ್ಪಿಕೊಂಡರೆ ಯಾರೂ ತಕರಾರು ಮಾಡುವುದಿಲ್ಲ.

ಭಾನುವಾರದ ಪೂಜೆಯ ಬಗ್ಗೆ ಚಿಂತೆ ಬೇಡ. ಶನಿವಾರ ಸಂಜೆಯ ಬಲಿಪೂಜೆ ಇಲ್ಲಿ ಅನೇಕ ಕಡೆ ಇದೆ, ಅದು ಭಾನುವಾರದ ಪೂಜೆಗೆ ಸಮಾನ. 2024ರಲ್ಲಿ ಭಾನುವಾರದ ಪೂಜೆಗೆ ಬಂದವರು ಜರ್ಮನಿಯ ಕಥೋಲಿಕರಲ್ಲಿ ಸುಮಾರು 6.6% ಮಾತ್ರ. ಬೆಂಚುಗಳು ಖಾಲಿಯಿರುತ್ತವೆ, ಬಂದವರಲ್ಲಿ ವಯಸ್ಸಾದವರೇ ಹೆಚ್ಚು, ಹೊಸ ಮುಖವನ್ನು ನೋಡಿ ಸಂತೋಷಪಡುತ್ತಾರೆ. 1960ರ ದಶಕದಿಂದ ಕೇರಳದ ನರ್ಸುಗಳು ಈ ದೇಶಕ್ಕೆ ಬಂದದ್ದರಿಂದ ಭಾರತೀಯ ಕ್ರೈಸ್ತರು ಇಲ್ಲಿಯವರಿಗೆ ಹೊಸಬರೂ ಅಲ್ಲ.

ರೋಗಿಗಳ ಮುಂದೆ ವಿಶ್ವಾಸದ ಮಾತು ಆಡಬಹುದೇ ಎಂಬ ಸಂದೇಹ ನಿನಗೆ ಬೇಗ ಬರುತ್ತದೆ. ಅವರು ಕೇಳಿದರೆ ಆಡು, ಕೇಳದಿದ್ದರೆ ಬೇಡ. ಹಾಸಿಗೆಯಲ್ಲಿರುವವನು ಎದ್ದು ಹೋಗಲಾರ. ಹಾಗೆ ಹೋಗಲಾರದವನಿಗೆ ಉಪದೇಶ ಮಾಡುವುದು ನ್ಯಾಯವಲ್ಲ. ಸಾಯುವ ಹೊತ್ತಿನಲ್ಲಿ ಪ್ರಾರ್ಥನೆ ಬೇಕೆಂದವರಿಗೆ ಆಸ್ಪತ್ರೆಯ ಗುರುಗಳನ್ನು ಕರೆಸುವ ವ್ಯವಸ್ಥೆಯಿದೆ, ಅವರ ನಂಬರು ನರ್ಸುಗಳ ಕೋಣೆಯಲ್ಲಿರುತ್ತದೆ.

ಮನೆಯವರಿಗೂ ನಿಜ ಹೇಳು. 3,000 ಯೂರೋ ಎಂದ ಕೂಡಲೇ ಊರಿನಲ್ಲಿ ಅದನ್ನು ರೂಪಾಯಿಗೆ ಗುಣಿಸಿ, ಅಣ್ಣನ ಮನೆ ಕಟ್ಟುವುದರಿಂದ ಹಿಡಿದು ಹಬ್ಬದ ವಂತಿಗೆಯವರೆಗೆ ಹಂಚಿ ಮುಗಿಸಿರುತ್ತಾರೆ. ತೆರಿಗೆ, ಪಿಂಚಣಿ, ವಿಮೆ ಎಲ್ಲ ಕಳೆದು ಕೈಗೆ ಬರುವುದು ಸುಮಾರು 2,000ದಿಂದ 2,100. ಅದರಲ್ಲಿ ಬಾಡಿಗೆಯೇ ಮೂರನೆಯ ಒಂದು ಪಾಲು ಅಥವಾ ಇನ್ನೂ ಹೆಚ್ಚು ತಿನ್ನುತ್ತದೆ. ಮೊದಲ ಸಂಬಳ ಚೀಟಿಯ ಫೋಟೊ ತೆಗೆದು ಅಪ್ಪನಿಗೆ ಕಳಿಸಿಬಿಡು. ಚರ್ಚ್ ತೆರಿಗೆಯ ಸಾಲೂ ಅದರಲ್ಲಿರಲಿ, ಮಾವನಿಗೂ ತೋರಿಸಲಿ.

ಹೊರಡುವ ಮೊದಲು ನಿನ್ನ ಧರ್ಮಕೇಂದ್ರದ ಕಚೇರಿಯಿಂದ ಜ್ಞಾನಸ್ನಾನ ಮತ್ತು ದೃಢೀಕರಣ ಸಂಸ್ಕಾರದ ಪ್ರಮಾಣಪತ್ರಗಳನ್ನು ಹೊಸದಾಗಿ, ಇಂಗ್ಲಿಷಿನಲ್ಲಿ, ಮೊಹರು ಹಾಕಿಸಿ ತೆಗೆದುಕೊಂಡು ಬಾ. ಜರ್ಮನ್ ಅನುವಾದವನ್ನು ಅಲ್ಲಿ ಮಾಡಿಸಬೇಡ. ಇಲ್ಲಿಯ ಕಚೇರಿಗಳು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರದ್ದನ್ನೇ ಕೇಳುತ್ತವೆ, ಯಾರ ಬಳಿ ಮಾಡಿಸಬೇಕೆಂದು ನೀನು ಬಂದ ಮೇಲೆ ಹೇಳುತ್ತೇನೆ. ನೋಂದಣಿಗೆ ಸಮಯ ಗೊತ್ತುಮಾಡಿಕೊಳ್ಳುವುದು ಕೆಲವೊಮ್ಮೆ ವಾರಗಟ್ಟಲೆ ತಡವಾಗುವುದರಿಂದ, ಮನೆಯ ವಿಳಾಸ ಖಚಿತವಾದ ದಿನವೇ ನನಗೆ ಕಳಿಸು.