ಓದುಗರ ಪ್ರಶ್ನೆ: ತಳಿ ಆಯ್ಕೆ ಹಂತ ಹಂತವಾಗಿ ಏಕೆ?

ಪ್ರಶ್ನೆ: ಮರಗಳ ತಳಿ ಅಭಿವೃದ್ಧಿಯಲ್ಲಿ ಬಹುಪಾಲು ಸಸಿಗಳನ್ನು ಎಳೆಯದರಲ್ಲೇ ಕಿತ್ತುಹಾಕುತ್ತಾರೆ, ಹೈನುರಾಸುಗಳಲ್ಲಿ ಹೋರಿಗಳನ್ನೂ ಎರಡು ಮೂರು ಹಂತಗಳಲ್ಲಿ ಆರಿಸುತ್ತಾರೆ ಎಂದು ಓದಿದೆ. ಪೂರ್ತಿ ಬೆಳೆದ ಮೇಲೆ ಒಂದೇ ಸಲ ಆರಿಸಿದರೆ ತಪ್ಪು ಕಡಿಮೆಯಾಗುವುದಿಲ್ಲವೇ?

ಉತ್ತರ: ತಪ್ಪು ಕಡಿಮೆಯಾಗುತ್ತದೆ, ನಿಜ, ಆದರೆ ಕಾಲವೂ ಜಾಗವೂ ಹಣವೂ ಮುಗಿದುಹೋಗುತ್ತವೆ. ಮೂವತ್ತು ವರ್ಷಕ್ಕೆ ಕಟಾವಿಗೆ ಬರುವ ಮರದಲ್ಲಿ ಕೊನೆಯವರೆಗೆ ಕಾದು ಆರಿಸುವುದಾದರೆ, ಒಂದೇ ತಲೆಮಾರಿನ ಸುಧಾರಣೆಗೆ ವಿಜ್ಞಾನಿಯೊಬ್ಬರ ಇಡೀ ಸೇವಾವಧಿ ಬೇಕಾಗುತ್ತದೆ.

ಹೋರಿಯ ಕಷ್ಟ ಬೇರೆ ಬಗೆಯದು. ಅದು ಹಾಲು ಕೊಡುವುದಿಲ್ಲವಾದ್ದರಿಂದ, ಅದಕ್ಕೆ ಹುಟ್ಟಿದ ಹಸುಗಳ ಮೊದಲ ಸೂಲಿನ ಇಳುವರಿಯನ್ನು ಅಳೆದೇ ಅದರ ಬೆಲೆ ಕಟ್ಟಬೇಕು. ಅಷ್ಟರಲ್ಲಿ ಹೋರಿಗೆ ಐದಾರು ವರ್ಷವಾಗಿರುತ್ತದೆ. ಆನುವಂಶಿಕತೆ (ಒಂದಕ್ಕೊಂದಕ್ಕೆ ಇರುವ ವ್ಯತ್ಯಾಸದಲ್ಲಿ ವಂಶವಾಹಿಗಳಿಂದ ಬಂದ ಪಾಲು) 0.25 ಇರುವ ಗುಣಕ್ಕೆ 15 ಹೆಣ್ಣು ಸಂತತಿಯ ದಾಖಲೆಯಿಂದ ಸಿಗುವ ವಿಶ್ವಾಸಾರ್ಹತೆ (ಅಂದಾಜನ್ನು ಎಷ್ಟು ನಂಬಬಹುದೆಂಬ, 0ಯಿಂದ 1ರವರೆಗಿನ ಅಳತೆ) 0.5 ಮಾತ್ರ. ಅದನ್ನು 0.8ಕ್ಕೆ ಏರಿಸಲು 60, 0.9ಕ್ಕೆ ಏರಿಸಲು 135 ಹಸುಗಳು ಬೇಕು. ಹುಟ್ಟಿದ ಪ್ರತಿ ಗಂಡುಕರುವಿಗೂ ಇಷ್ಟು ವೆಚ್ಚ ಮಾಡಲಾಗದು. ಆದ್ದರಿಂದ ಮೊದಲು ತಂದೆತಾಯಿಗಳ ದಾಖಲೆ ನೋಡಿ ಕೆಲವನ್ನು ಉಳಿಸಿಕೊಂಡು, ಅವುಗಳನ್ನಷ್ಟೇ ಸಂತತಿ ಪರೀಕ್ಷೆಗೆ ಕಳಿಸುವ ಪದ್ಧತಿ ಬಂತು. ಈ ಮೊದಲ ಹಂತಕ್ಕೆ ಒಂದು ದೊಡ್ಡ ಮಿತಿಯಿತ್ತು: ಒಂದೇ ತಂದೆತಾಯಿಗೆ ಹುಟ್ಟಿದ ಅಣ್ಣತಮ್ಮಂದಿರಿಗೆಲ್ಲ ವಂಶಾವಳಿಯ ಅಂಕ ಒಂದೇ. ಅವರಲ್ಲಿ ಯಾರು ಮೇಲೆಂಬುದನ್ನು ಕರುವಿನ ಡಿಎನ್‌ಎಯಿಂದಲೇ ಅಂದಾಜು ಮಾಡುವ ಜೀನೋಮ್ ಆಧಾರಿತ ವಿಧಾನವನ್ನು ತಳಿವಿಜ್ಞಾನಿಗಳಾದ ಮ್ಯೂವಿಸೆನ್, ಹೇಯ್ಸ್ ಮತ್ತು ಗೊಡಾರ್ಡ್ 2001ರಲ್ಲಿ ಮಂಡಿಸಿದರು.

ಪ್ರಶ್ನೆ: ಹಾಗಾದರೆ ಮೊದಲ ಹಂತದಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು?

ಉತ್ತರ: ಎಳೆಯ ವಯಸ್ಸಿನ ಗುಣಕ್ಕೂ ಬಲಿತ ಮೇಲಿನ ಗುಣಕ್ಕೂ ಇರುವ ಆನುವಂಶಿಕ ಸಹಸಂಬಂಧ, ಅಂದರೆ ಎರಡರ ಹಿಂದೆಯೂ ಒಂದೇ ವಂಶವಾಹಿಗಳು ಕೆಲಸ ಮಾಡುವ ಪ್ರಮಾಣ, ಎಷ್ಟು ಗಟ್ಟಿ ಎಂಬುದನ್ನು ಇದು ಅವಲಂಬಿಸಿದೆ. ಸಂಬಂಧ ಸಡಿಲವಾಗಿದ್ದರೆ ಜರಡಿಯ ಕಣ್ಣೂ ದೊಡ್ಡದಿರಲಿ ಎಂಬುದು ನನ್ನ ಅಭಿಪ್ರಾಯ. ಆರಂಭದಲ್ಲೇ ಬಿಗಿಮಾಡಿ ಗಳಿಸುವುದು ನಾವು ಊಹಿಸುವಷ್ಟಿಲ್ಲ: ಹತ್ತರಲ್ಲಿ ಒಂದನ್ನು ಆರಿಸಿದಾಗ ಆಯ್ಕೆಯ ತೀವ್ರತೆ (ಆರಿಸಿದವುಗಳ ಸರಾಸರಿ ಇಡೀ ಗುಂಪಿನ ಸರಾಸರಿಗಿಂತ ಎಷ್ಟು ಪ್ರಮಾಣ ವಿಚಲನೆ ಮೇಲಿದೆ ಎಂಬ ಅಳತೆ) ಸುಮಾರು 1.75, ನೂರರಲ್ಲಿ ಒಂದನ್ನೇ ಆರಿಸಿದರೂ ಅದು 2.67ರ ಆಸುಪಾಸಿಗೆ ನಿಲ್ಲುತ್ತದೆ. ಮೇಲಾಗಿ, ಒಮ್ಮೆ ಆರಿಸಿದ ಗುಂಪಿನೊಳಗೆ ವೈವಿಧ್ಯ ಕುಗ್ಗುವುದರಿಂದ ಮುಂದಿನ ಹಂತಕ್ಕೆ ದಕ್ಕುವ ಲಾಭವೂ ಇಳಿಯುತ್ತದೆ.

ಮರಗಳಲ್ಲಿ ಇನ್ನೂ ಒಂದು ತೊಡಕಿದೆ. ಸಸಿಯೊಂದು ಬಿಡುಬೀಸಾಗಿ ಬೆಳೆಯುವಾಗ ತೋರುವ ಎತ್ತರಕ್ಕೂ, ಮೇಲಾವರಣ ಕೂಡಿಕೊಂಡು ಬೆಳಕಿಗಾಗಿ ಪೈಪೋಟಿ ಶುರುವಾದ ಮೇಲಿನ ಬೆಳವಣಿಗೆಗೂ ಹೊಂದಿಕೆಯಾಗದಿರಬಹುದು. ಹಲವು ಶಂಕುವೃಕ್ಷಗಳಲ್ಲಂತೂ ಬೇಗ ದಪ್ಪವಾಗುವ ಮರದ ಸಾಂದ್ರತೆ ಕಡಿಮೆಯಿರುತ್ತದೆ. ಬೆಳವಣಿಗೆಯ ವೇಗವೊಂದನ್ನೇ ನೋಡಿ ಮೊದಲ ಹಂತದಲ್ಲಿ ಕಟ್ಟುನಿಟ್ಟಾಗಿ ಆರಿಸಿದರೆ ಗಟ್ಟಿ ದಾರುವಿನ ಗಿಡಗಳು ಪರೀಕ್ಷೆಗೆ ಬರುವ ಮುನ್ನವೇ ಹೊರಬೀಳುತ್ತವೆ.

ಎರಡನೇ ಹಂತದಲ್ಲಿ ಹೊಸ ಅಳತೆಯನ್ನಷ್ಟೇ ನೋಡದೆ, ಹಳೆಯದನ್ನೂ ತಕ್ಕ ತೂಕದೊಂದಿಗೆ ಸೇರಿಸಿ ಆಯ್ಕೆ ಸೂಚ್ಯಂಕ ಎಂಬ ಒಂದೇ ಒಟ್ಟು ಅಂಕ ಕಟ್ಟಬೇಕು. ಕಿತ್ತುಹಾಕಿದ ಸಸಿಗಳ ದಾಖಲೆಯೂ ಲೆಕ್ಕದಲ್ಲಿರಬೇಕು, ಏಕೆಂದರೆ ಉಳಿದವುಗಳ ಅಂಕಿಗಳನ್ನು ಮಾತ್ರ ವಿಶ್ಲೇಷಿಸಿದರೆ, ಬಹಳ ಸಸಿಗಳನ್ನು ಕಳೆದುಕೊಂಡ ದುರ್ಬಲ ಕುಟುಂಬವೂ ಅಳಿದುಳಿದ ನಾಲ್ಕಾರು ಒಳ್ಳೆಯ ಗಿಡಗಳ ಬಲದಿಂದ ಮೇಲಿನ ಸ್ಥಾನ ಪಡೆದುಬಿಡುತ್ತದೆ.