ಓದುಗರ ಪ್ರಶ್ನೆ: ಬೈಪೋಲಾರ್ ಹತೋಟಿಗೆ ಬಂತು, ಮರೆವು ಮಾತ್ರ ಹೋಗಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೈಪೋಲಾರ್ ಕಾಯಿಲೆಗೆ (ಉನ್ಮಾದ, ಖಿನ್ನತೆ ಆಗಾಗ ಬಂದುಹೋಗುವ ಕಾಯಿಲೆ) ಲಿಥಿಯಂ, ರಿಸ್ಪೆರಿಡೋನ್, ಟ್ರೈಹೆಕ್ಸಿಫೆನಿಡಿಲ್, ನಿದ್ದೆಗೆ ಕ್ಲೊನಾಜೆಪಾಮ್ ನಡೆಯುತ್ತಿದೆ. ಉನ್ಮಾದ ಇಳಿದು ಎಂಟು ತಿಂಗಳಾಯಿತು. ಈಗ ಸಿಟ್ಟಿಲ್ಲ, ಹೆಚ್ಚು ಬೇಸರವೂ ಇಲ್ಲ. ಆದರೆ ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಎರಡು ಸಲ ತೂಕ ತಪ್ಪು ಬರೆದರು. ಮಾತ್ರೆಯಿಂದಲೇ ಮಂಕಾಗಿದ್ದಾನೆ, ಬಿಡಿಸು ಎಂದು ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಶಿರಸಿ

ಉತ್ತರ: ಮಾತ್ರೆ ಬಿಡಿಸಬೇಡಿ. ಲಿಥಿಯಂ ಏಕಾಏಕಿ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಉನ್ಮಾದ ಮರುಕಳಿಸುವ ಸಂಭವ ಬಹಳ ಹೆಚ್ಚು.

ಹಾಗೆಂದು ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಈ ಕಾಯಿಲೆಯಲ್ಲಿ ಮನಸ್ಸು ಸಮಸ್ಥಿತಿಗೆ ಬಂದ ಮೇಲೂ ಅನೇಕರಿಗೆ ಗಮನ, ಕೇಳಿದ್ದನ್ನು ನೆನಪಿಡುವುದು, ಕೆಲಸವನ್ನು ಮೊದಲೇ ಯೋಚಿಸಿ ಹೊಂದಿಸಿಕೊಳ್ಳುವುದು ಈ ಮೂರರಲ್ಲಿ ಕೊರತೆ ಉಳಿಯುತ್ತದೆ. ಇದು ಸೋಮಾರಿತನವಲ್ಲ, ಮನೆಯವರೆಲ್ಲ ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಅದರ ಮೇಲೆ ಸರಿಪಡಿಸಬಹುದಾದ ಬೇರೆ ಕಾರಣಗಳೂ ಸೇರಿಕೊಂಡಿರುತ್ತವೆ. ಅವನ್ನು ಒಂದೊಂದಾಗಿ ಹುಡುಕಿ.

ನೀವು ಬರೆದ ಪಟ್ಟಿಯಲ್ಲಿ ನಮಗೆ ಮೊದಲು ಕಣ್ಣಿಗೆ ಬಿದ್ದದ್ದು ಟ್ರೈಹೆಕ್ಸಿಫೆನಿಡಿಲ್. ರಿಸ್ಪೆರಿಡೋನ್‌ನಿಂದ ಬರುವ ಬಿಗಿತ, ನಡುಕಕ್ಕೆ ಇದನ್ನು ಕೊಡುತ್ತಾರೆ. ಬಿಗಿತ ಹೋದ ಮೇಲೂ ಚೀಟಿಯಿಂದ ಚೀಟಿಗೆ ಮುಂದುವರಿಯುತ್ತಲೇ ಇರುತ್ತದೆ, ನೆನಪನ್ನು ನೇರವಾಗಿ ಮಂಕಾಗಿಸುತ್ತದೆ. ಲಿಥಿಯಂನ ಸಣ್ಣ ಕೈನಡುಕಕ್ಕಂತೂ ಇದರಿಂದ ಪ್ರಯೋಜನವಿಲ್ಲ. ಕ್ಲೊನಾಜೆಪಾಮ್ ಕೂಡ ಹಗಲಿನ ಗಮನ ತಗ್ಗಿಸುತ್ತದೆ. ಇವೆರಡೂ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ. ಬೇಡವೆಂದರೆ ಅವರೇ ಹಂತಹಂತವಾಗಿ ಇಳಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ಎರಡನೆಯದು ರಕ್ತಪರೀಕ್ಷೆ. ಲಿಥಿಯಂ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಆಸುಪಾಸು ಇದ್ದರೆ ಒಳ್ಳೆಯದು, ಕೆಲವರಿಗೆ 1.0ರವರೆಗೂ ಬೇಕಾಗುತ್ತದೆ. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಗೆ ರಕ್ತ ಕೊಡಬೇಕು: ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆ 9ಕ್ಕೆ ರಕ್ತ, ಆಮೇಲೆ ಬೆಳಗಿನ ಮಾತ್ರೆ. ಬೆಳಿಗ್ಗೆ ಮಾತ್ರೆ ನುಂಗಿಯೇ ಬಸ್ಸು ಹತ್ತಿ ಹೋದರೆ ಮಟ್ಟ ಇಲ್ಲದಷ್ಟು ಹೆಚ್ಚು ಕಾಣಿಸಿ, ಡೋಸ್ ಸುಮ್ಮನೆ ತಗ್ಗೀತು. ಲಿಥಿಯಂ ಹೆಪಾರಿನ್ ಇರುವ ನಳಿಕೆಯಲ್ಲಿ ರಕ್ತ ಹಿಡಿದರೂ ಇದೇ ತಪ್ಪು. ಲ್ಯಾಬಿನವರಿಗೆ ಯಾವ ಪರೀಕ್ಷೆಗೆಂದು ಹೇಳಿಯೇ ಕೊಡಿ. ಅದೇ ರಕ್ತದಲ್ಲಿ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಕ್ಯಾಲ್ಸಿಯಂ ನೋಡಿಸಿ. ಲಿಥಿಯಂನಿಂದ ಥೈರಾಯ್ಡ್ ಕುಂದಬಹುದು, ಆಗ ಮನುಷ್ಯ ನಿಧಾನವಾಗುತ್ತಾನೆ, ಮರೆಯುತ್ತಾನೆ. ಸಸ್ಯಾಹಾರಿಗಳಾಗಿದ್ದರೆ ಬಿ12 ಕೂಡ ಬೇಕು. ರಾತ್ರಿ ಜೋರು ಗೊರಕೆ, ನಡುನಡುವೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ತಿಳಿಸಿ. ಉಳಿದುಕೊಂಡ ಸಣ್ಣ ಖಿನ್ನತೆಯನ್ನು ಮನೆಯವರು ಗುರುತಿಸುವುದು ಕಷ್ಟ: ಅಳುವುದಿಲ್ಲ, ಆದರೆ ಯಾವುದರಲ್ಲೂ ಆಸ್ಥೆ ಇರುವುದಿಲ್ಲ. ಅದು ಚಿಕಿತ್ಸೆಗೆ ಬಗ್ಗಿದರೆ ಗಮನವೂ ಎಷ್ಟೋ ಚೇತರಿಸುತ್ತದೆ.

ಇನ್ನು ಕೆಲಸ. ಬಾರ್ಸಿಲೋನಾದ ಮನೋವೈದ್ಯರು ಇಂಥವರಿಗಾಗಿ ವಾರಕ್ಕೊಂದರಂತೆ 21 ತರಗತಿಗಳ ತರಬೇತಿ ರೂಪಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೆನಪಿನ ಪರೀಕ್ಷೆಯ ಅಂಕಗಳು ಅಷ್ಟೇನೂ ಏರಲಿಲ್ಲ, ದಿನನಿತ್ಯದ ಬದುಕು ಸುಧಾರಿಸಿತು. ನಮ್ಮ ದೃಷ್ಟಿಯಲ್ಲಿ ಬೇಕಾದದ್ದೂ ಅದೇ. ಮಂಡಿಯಲ್ಲಿ ತಪ್ಪು ಆಗುವುದು ಹೆಚ್ಚಾಗಿ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗ: ಚಾಲಿ ಅಡಿಕೆಯ ತೂಕ ಕೂಗುತ್ತಾರೆ, ಅಷ್ಟರಲ್ಲಿ ಫೋನ್ ಬರುತ್ತದೆ, ಮಾತು ಮುಗಿಸಿ ಪೆನ್ ಹಿಡಿದಾಗ ಅಂಕಿ ಹಾರಿರುತ್ತದೆ. ತೂಕದ ಹೊತ್ತಿಗೆ ಫೋನ್ ಡ್ರಾವರ್‌ನಲ್ಲಿರಲಿ. ಅಂಕಿ ಕೇಳಿದೊಡನೆ ಚೀಟಿಗೆ ಬರೆದು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಪುಸ್ತಕಕ್ಕೆ ಏರಿಸಿ ಟಿಕ್ ಹಾಕಲಿ. ಬೆಳಿಗ್ಗೆ ಮಂಪರಿದ್ದರೆ ಲೆಕ್ಕ ತಾಳೆ ನೋಡುವುದನ್ನು ಅದು ಇಳಿದ ಮೇಲಕ್ಕೆ ಇಟ್ಟುಕೊಳ್ಳಲಿ, ಅರ್ಧ ಗಂಟೆಗೊಮ್ಮೆ ಎದ್ದು ಬರಲಿ. ಮೊದಲ ತಿಂಗಳು ದಿನದ ಮೊತ್ತವನ್ನು ಇನ್ನೊಬ್ಬರು ನೋಡಲಿ. ಮನೆಯಲ್ಲಿ ನೀವು ಮೂರು ಕೆಲಸ ಒಟ್ಟಿಗೆ ಹೇಳಬೇಡಿ, ಒಂದೇ ಹೇಳಿ.

ಪ್ರಶ್ನೆ: ನನ್ನ ತಮ್ಮ ಬೋಟಿಗೆ ಹೋಗುತ್ತಾನೆ, ಲಿಥಿಯಂ ತೆಗೆದುಕೊಳ್ಳುತ್ತಾನೆ. ಉಪ್ಪು ತಿನ್ನಬಾರದೇ? ಸಮುದ್ರದಲ್ಲಿ ವಾಂತಿಯಾದರೆ?
– ಓದುಗರು, ಕಾರವಾರ

ಉತ್ತರ: ಉಪ್ಪು ತಿನ್ನಲಿ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಉಪ್ಪು ದಿಢೀರನೆ ಬಿಟ್ಟರೆ ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ಬಿಸಿಲು, ಬೆವರು, ವಾಂತಿ, ಭೇದಿಯಿಂದ ನೀರು ಕಳೆದುಕೊಂಡರೂ ಹಾಗೆಯೇ. ಬೋಟಿನಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ, ಒಂದು ಲೀಟರ್ ನೀರಿಗೆ ಹಾಕುವ ದೊಡ್ಡದು. ವಾಂತಿ, ಭೇದಿ ನಿಲ್ಲದಿದ್ದರೆ ಮುಂದಿನ ಲಿಥಿಯಂ ಮಾತ್ರೆ ತಡೆಹಿಡಿದು ವೈದ್ಯರಿಗೆ ಫೋನ್ ಮಾಡಲಿ. ಕೈ ದಪ್ಪನಾಗಿ ನಡುಗುವುದು, ಮಾತು ತೊದಲುವುದು, ನಡೆ ತೂರಾಡುವುದು ವಿಷವೇರಿಕೆಯ ಗುರುತು. ಜೊತೆಯವರು ಕುಡಿದಿದ್ದಾನೆಂದು ಮಲಗಿಸಿಬಿಡುವ ಅಪಾಯವಿದೆ, ಅವರಿಗೆ ಮೊದಲೇ ತಿಳಿಸಿಡಿ; ಹೀಗಾದರೆ ಕೂಡಲೇ ದಡಕ್ಕೆ ತಂದು ಆಸ್ಪತ್ರೆಗೆ ಸೇರಿಸಬೇಕು. ಬಲೆ ಎಳೆದ ಮೈನೋವಿಗೆ ಅಂಗಡಿಯ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬೇಡ, ಅವೂ ಲಿಥಿಯಂ ಮಟ್ಟ ಏರಿಸುತ್ತವೆ. ಪ್ಯಾರಾಸಿಟಮಾಲ್ ಸಾಕು. ಮರೆತ ಡೋಸನ್ನು ಸೇರಿಸಿ ಎರಡು ಒಟ್ಟಿಗೆ ನುಂಗುವುದೂ ಬೇಡ.

ಪ್ರಶ್ನೆ: ಮಗ ಯಕ್ಷಗಾನ ಮೇಳದಲ್ಲಿ ಚೆಂಡೆ ನುಡಿಸುತ್ತಾನೆ. ಬೈಪೋಲಾರ್ ಎಂದಿದ್ದಾರೆ. ತಿರುಗಾಟಕ್ಕೆ ಕಳಿಸಬಹುದೇ?
– ಓದುಗರು, ಹೊನ್ನಾವರ

ಉತ್ತರ: ಕಲೆ ಬಿಡಿಸಬೇಡಿ, ಇಡೀ ರಾತ್ರಿಯ ಆಟ ಬಿಡಿಸಿ. ನಿದ್ದೆಗೆಡುವುದು ಉನ್ಮಾದಕ್ಕೆ ದಾರಿ. ಕಾಲಮಿತಿ ಆಟಗಳಲ್ಲಿ, ಅದೂ ಸತತವಾಗಿ ಅಲ್ಲದೆ, ನುಡಿಸಬಹುದೇ ಎಂದು ವೈದ್ಯರ ಜೊತೆ ಕೂತು ತೀರ್ಮಾನಿಸಿ. ಏಳುವ ಹೊತ್ತು ದಿನವೂ ಒಂದೇ ಇರಲಿ. ಸತತ ಎರಡು ರಾತ್ರಿ ನಾಲ್ಕೈದು ಗಂಟೆಯಷ್ಟೇ ಮಲಗಿಯೂ ದಣಿವಿಲ್ಲ ಎಂದರೆ, ಮಾತು ಹೆಚ್ಚಾದರೆ, ಅಂದೇ ವೈದ್ಯರಿಗೆ ತಿಳಿಸಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ, ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇರುತ್ತದೆ; ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಮೊದಲೇ ಕೇಳಿಕೊಂಡು, ಈಗ ನಡೆಯುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ.